ಕುದ್ಮುಲ್ ರಂಗರಾಯರು: ಶಾಲೆ, ಊಟ, ಹಾಸಿಗೆ

ನಮ್ಮ ಸರ್ಕಾರಿ ಪ್ರೌಢಶಾಲೆಗೆ 50 ವರ್ಷ ತುಂಬಿದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡರು. ಯಾರ ಬಗ್ಗೆ ಬರೆಯಬೇಕೆಂಬುದನ್ನು ನನಗೇ ಬಿಟ್ಟರು. ನಾನು ಅಧ್ಯಾಪಕನಾಗಲಿ ಸಾಹಿತಿಯಾಗಲಿ ಅಲ್ಲ. ಹತ್ತನೇ ತರಗತಿ ಮುಗಿಸಿ ಘಟ್ಟ ಹತ್ತಿದವನು, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೋದರಮಾವನ ಪುಸ್ತಕದಂಗಡಿಗೆ ಸೇರಿದೆ; ಈಗಲೂ ಅದೇ ಅಂಗಡಿಯಲ್ಲಿದ್ದೇನೆ. ಪುಸ್ತಕ ಮಾರುವವನು ಪುಸ್ತಕ ಓದುವುದಿಲ್ಲ ಎಂಬ ಮಾತು ನಮ್ಮ ಬೀದಿಯಲ್ಲಿದೆ. ಗಿರಾಕಿ ಇಲ್ಲದ ಮಧ್ಯಾಹ್ನಗಳು ಬಹಳ ಇದ್ದುದರಿಂದ ನಾನು ಸ್ವಲ್ಪ ಓದಿಕೊಂಡೆ. ಹಾಗೆ ಓದಿದವರ ಪೈಕಿ ನಮ್ಮ ಜಿಲ್ಲೆಯ ಕುದ್ಮುಲ್ ರಂಗರಾಯರು ಮನಸ್ಸಿನಲ್ಲಿ ಉಳಿದರು. ಊರಿನಲ್ಲಿ ಅವರ ಹೆಸರು ಎಲ್ಲರಿಗೂ ಗೊತ್ತು. ಮಂಗಳೂರಿನ ಪುರಭವನಕ್ಕೆ ಅವರ ಹೆಸರೇ ಇದೆ. ಮದುವೆಗೋ ಸಭೆಗೋ ಆ ಕಟ್ಟಡದೊಳಗೆ ಹೋಗಿ ಬಂದವರು ನಮ್ಮಲ್ಲಿ ಎಷ್ಟೋ ಜನ. ಹೆಸರಿನ ಹಿಂದಿದ್ದ ಮನುಷ್ಯನ ಕಥೆ ಮಾತ್ರ ಹೊಸ ತಲೆಮಾರಿಗೆ ಅಷ್ಟಾಗಿ ತಲುಪಿಲ್ಲ.

ಅವರ ನೆನಪು ನನಗೆ ಅಂಗಡಿಯಲ್ಲಿ ಕುಳಿತಾಗ ಯಾಕೆ ಬರುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಇಳಿಯುವ ಈ ಇಕ್ಕಟ್ಟಾದ ರಸ್ತೆಗೆ ಹಿಂದೆ ದೊಡ್ಡಪೇಟೆ ಎಂಬ ಹೆಸರಿತ್ತು. ಜೂನ್ ತಿಂಗಳು ಬಂತೆಂದರೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಸ ಪುಸ್ತಕ, ಹಳೆ ಪುಸ್ತಕ, ಗೈಡು, ನೋಟ್‌ಬುಕ್ಕು ಎಂದು ರಾಜ್ಯದ ಮೂಲೆಮೂಲೆಯ ಮಕ್ಕಳು ಬರುತ್ತಾರೆ. ಅವರಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನ ಮಕ್ಕಳನ್ನು ನಾನು ದೂರದಿಂದಲೇ ಗುರುತಿಸಬಲ್ಲೆ. ಒಬ್ಬೊಬ್ಬರೇ ಬರುವುದಿಲ್ಲ, ನಾಲ್ಕೈದು ಜನ ಒಟ್ಟಿಗೆ ಬರುತ್ತಾರೆ. ಒಬ್ಬ ಭೌತಶಾಸ್ತ್ರ ಕೊಳ್ಳುತ್ತಾನೆ, ಇನ್ನೊಬ್ಬ ರಸಾಯನಶಾಸ್ತ್ರ, ಮತ್ತೊಬ್ಬ ಗಣಿತ. ಎಲ್ಲ ಪುಸ್ತಕವೂ ಎಲ್ಲರದು. ಒಂದೇ ಕೋಣೆಯಲ್ಲಿ ಇರುತ್ತಾರಲ್ಲ, ಸರದಿಯ ಮೇಲೆ ಓದಿಕೊಳ್ಳುತ್ತಾರೆ. ಚೌಕಾಸಿ ಮಾಡುವ ಕೆಲಸ ಅವರಲ್ಲಿ ಬಾಯಿ ಜೋರಾದವನಿಗೆ. ಮನೆಯಲ್ಲಿ ಓದಿದವರು ಯಾರೂ ಇಲ್ಲದ ಹುಡುಗನಿಗೆ ಯಾವ ಪುಸ್ತಕ ಬೇಕು, ಯಾವುದು ಬೇಡ ಎಂದು ಹೇಳಿಕೊಡುವುದು ಒಂದು ವರ್ಷ ಹಿರಿಯನಾದ ಇನ್ನೊಬ್ಬ ಹುಡುಗ. ಈ ಏರ್ಪಾಡನ್ನು ನೋಡಿದಾಗಲೆಲ್ಲ, ಹಾಸ್ಟೆಲು ಎಂಬುದು ಇಲಾಖೆಯ ಸೌಲಭ್ಯವಾಗುವುದಕ್ಕೆ ಎಷ್ಟೋ ಮುಂಚೆ ಮಂಗಳೂರಿನಲ್ಲಿ ಒಬ್ಬ ವಕೀಲರು ಕೈಯಿಂದ ಹಣ ಹಾಕಿ ಇದನ್ನು ನಡೆಸಿದ್ದರು ಎಂದು ನೆನಪಾಗುತ್ತದೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನ ಕುದ್ಮುಲ್ ಎಂಬ ಹಳ್ಳಿಯಲ್ಲಿ. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು, ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಸಾರಸ್ವತ ಬ್ರಾಹ್ಮಣ ಕುಟುಂಬ, ಅನುಕೂಲಸ್ಥರಲ್ಲ. ತಂದೆ ತೀರಿಕೊಂಡ ಮೇಲೆ ಹದಿನಾರರ ಹುಡುಗ ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದ. ತಿಂಗಳಿಗೆ 8 ರೂಪಾಯಿ ಸಂಬಳದ ಮೇಷ್ಟರ ಕೆಲಸ ಸಿಕ್ಕಿತು. ಕೆಲಸ ಮಾಡುತ್ತಲೇ ಓದಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ, ಮಂಗಳೂರಿನ ಕೋರ್ಟಿನಲ್ಲಿ ವಕೀಲರಾದರು. ಬಡವರ ಪರವಾಗಿ ಶುಲ್ಕವಿಲ್ಲದೆ ವಾದಿಸುವ ವಕೀಲರು ಎಂದು ಬಲುಬೇಗ ಹೆಸರಾಯಿತು. ಇಷ್ಟಕ್ಕೇ ನಿಂತಿದ್ದರೆ ಅವರು ಒಳ್ಳೆಯ ವಕೀಲರೆಂದು ಒಂದು ತಲೆಮಾರಿನವರು ನೆನೆದು ಮರೆಯುತ್ತಿದ್ದರು.

ಅವರು ಬೇರೆ ದಾರಿ ಹಿಡಿದದ್ದಕ್ಕೆ ಎರಡು ಕಾರಣ ಕಾಣುತ್ತದೆ. ಒಂದು, ಬ್ರಹ್ಮಸಮಾಜ. 1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜ ಶುರುವಾಯಿತು. ಬಂಗಾಳದಲ್ಲಿ ಹುಟ್ಟಿದ ಈ ಪಂಥ ಕಡಲ ತಡಿಯ ನಮ್ಮ ಊರಿಗೆ ಬಂದದ್ದೇ ಒಂದು ವಿಶೇಷ. ಬಿಲ್ಲವರ ಮುಖಂಡರಾದ ಅರಸಪ್ಪನವರು, ತಮ್ಮ ಜನಕ್ಕೆ ಮರ್ಯಾದೆ ಸಿಗುವ ಧರ್ಮ ಯಾವುದು ಎಂದು ಹುಡುಕುತ್ತಾ ಕಲ್ಕತ್ತೆಗೆ ಬರೆದರು. ಕೇಶವಚಂದ್ರ ಸೇನರ ಕಡೆಯವರು ಬಂದರು. ಬಿಲ್ಲವರಲ್ಲಿ ಹಲವರು ಕೊನೆಗೆ ಬಾಸೆಲ್ ಮಿಷನ್ ಕಡೆ ಹೋದರು, ಅದು ಬೇರೆ ಕಥೆ. ಉಳ್ಳಾಲ ರಘುನಾಥಯ್ಯ ಮೊದಲಾದ ಕೆಲವು ಸಾರಸ್ವತರು ಸಮಾಜವನ್ನು ಮುಂದುವರಿಸಿಕೊಂಡು ಬಂದರು. ರಂಗರಾಯರು ರಘುನಾಥಯ್ಯನವರನ್ನು ಗುರುವೆಂದು ಒಪ್ಪಿಕೊಂಡು ಅದಕ್ಕೆ ಸೇರಿದರು. ವಿಗ್ರಹವಿಲ್ಲ, ಜಾತಿಯಿಲ್ಲ, ದೇವರೊಬ್ಬನೇ ಎಂಬ ಅವರ ಪ್ರಾರ್ಥನೆ ಹಲವರಿಗೆ ಭಾನುವಾರದ ಸಂಗತಿಯಾಗಿತ್ತು. ರಂಗರಾಯರಿಗೆ ಅದು ವಾರದ ಏಳು ದಿನದ್ದೂ ಆಯಿತು.

ಎರಡನೆಯ ಕಾರಣ ಅವರು ದಿನಾ ಓಡಾಡುತ್ತಿದ್ದ ಕೋರ್ಟಿನಲ್ಲೇ ಇತ್ತು. ಆಗ ಪಂಚಮರೆಂದು ಕರೆಯಲ್ಪಡುತ್ತಿದ್ದ ಜನರಲ್ಲಿ ಬೆಂದೂರು ಬಾಬು ಎಂಬ ಯುವಕ ನಾಲ್ಕನೇ ತರಗತಿ ಪಾಸು ಮಾಡಿದ್ದ. ಆ ಸಮುದಾಯದಲ್ಲಿ ಅಷ್ಟು ಓದಿದವನು ಅವನೇ ಮೊದಲಿಗ ಎಂದು ಜಿಲ್ಲೆಯಲ್ಲಿ ಹೇಳುತ್ತಾರೆ. ಅವನಿಗೆ ಕೋರ್ಟಿನಲ್ಲಿ ಜವಾನನ ಕೆಲಸವೂ ಸಿಕ್ಕಿತು. ಕರೆಯುವುದು, ಕಾಗದ ಕೊಂಡೊಯ್ಯುವುದು, ಇಷ್ಟೇ ಕೆಲಸ. ಅಷ್ಟನ್ನೂ ಮೇಲ್ಜಾತಿಯವರಿಗೆ ಸಹಿಸಲಾಗಲಿಲ್ಲ. ಅವನು ಮುಟ್ಟಿದ ಕಾಗದ ಮುಟ್ಟಬೇಕಲ್ಲ ಎಂಬ ಗಲಾಟೆ, ಅವಮಾನ, ಕಿರುಕುಳ. ಕೊನೆಗೆ ಅವನು ಕೆಲಸದಲ್ಲಿ ಉಳಿಯಲಿಲ್ಲ. ಈ ಘಟನೆಯನ್ನು ನಾನು ಓದಿದಾಗ ನನಗೆ ಹೊಳೆದದ್ದು ಹೀಗೆ: ಬಾಬು ಒಬ್ಬನೇ ಇದ್ದ. ಅವನ ಪಕ್ಕದಲ್ಲಿ ಅವನಂಥವರು ಇನ್ನೂ ಹತ್ತು ಜನ ಇದ್ದಿದ್ದರೆ, ಸಂಜೆ ಹೋಗಿ ಹೇಳಿಕೊಳ್ಳಲು ಒಂದು ಮನೆ ಇದ್ದಿದ್ದರೆ, ಮರುದಿನವೂ ಕೋರ್ಟಿಗೆ ಬರುತ್ತಿದ್ದನೇನೋ. ರಂಗರಾಯರು ಆಮೇಲೆ ಮಾಡಿದ ಕೆಲಸಗಳನ್ನೆಲ್ಲ ಸಾಲಾಗಿ ನೋಡಿದರೆ, ಅವರಿಗೂ ಹಾಗೇ ಅನಿಸಿದ್ದಿರಬೇಕು.

1892ರಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆಯಲು ಹೊರಟರು. ಉರ್ವ ಚಿಲಿಂಬಿಯ ಶಾಲೆ ಆ ದಿನಗಳದ್ದು. ಶಾಲೆಯೆಂದರೆ ನಮಗೆ ಈಗ ಗಂಟೆ, ಕಪ್ಪುಹಲಗೆ, ಹಾಜರಿ ಪುಸ್ತಕ ಕಣ್ಣಮುಂದೆ ಬರುತ್ತದೆ. ಅವರಿಗೆ ಮೊದಲು ಜಾಗವೇ ಸಿಗಲಿಲ್ಲ. ಬಾಡಿಗೆಗೆ ಕೊಟ್ಟವರು ಯಾವ ಮಕ್ಕಳು ಬರುತ್ತಾರೆಂದು ತಿಳಿದೊಡನೆ ಖಾಲಿ ಮಾಡಿಸಿದರು. ಜಾಗ ಸಿಕ್ಕಿದರೆ ಮೇಷ್ಟರು ಸಿಗಲಿಲ್ಲ. ಮೇಲ್ಜಾತಿಯ ಮೇಷ್ಟರು ಆ ಮಕ್ಕಳ ಹತ್ತಿರ ನಿಲ್ಲಲು ಒಪ್ಪದಿದ್ದಾಗ ಕ್ರೈಸ್ತ ಅಧ್ಯಾಪಕರನ್ನು ಕರೆತಂದರು. ಮೇಷ್ಟರು ಬಂದರೆ ದಾರಿಯಲ್ಲಿ ಅವರ ಮೇಲೆ ಕಲ್ಲು ಬೀಳುತ್ತಿತ್ತು, ಮಕ್ಕಳನ್ನು ಬೆದರಿಸಿ ಹಿಂದಕ್ಕೆ ಕಳಿಸುತ್ತಿದ್ದರು.

ಸ್ವಂತ ಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ಬಹಿಷ್ಕಾರ ಎಂದರೆ ಏನೆಂದು ಹಳ್ಳಿಯ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕ್ಷೌರಿಕ ಬರುವುದಿಲ್ಲ, ಮಡಿವಾಳ ಬಟ್ಟೆ ಒಯ್ಯುವುದಿಲ್ಲ, ಪುರೋಹಿತ ಹೊಸಿಲು ತುಳಿಯುವುದಿಲ್ಲ, ನೆಂಟರು ಕಂಡರೂ ಕಾಣದ ಹಾಗೆ ಹೋಗುತ್ತಾರೆ. ಇದನ್ನೆಲ್ಲ ಅವರಿಗಿಂತ ಹೆಚ್ಚಾಗಿ ಅನುಭವಿಸಿದ್ದು ಮನೆಯ ಹೆಂಗಸರು ಮತ್ತು ಮಕ್ಕಳು ಎಂಬುದು ನನ್ನ ಎಣಿಕೆ. ಮಹಾಪುರುಷರ ಚರಿತ್ರೆ ಬರೆಯುವವರು ಈ ಭಾಗವನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ.

ವಿರೋಧವನ್ನು ತಡೆದುಕೊಂಡ ಮೇಲೆ ಇನ್ನೊಂದು ಕಷ್ಟ ಎದುರಾಯಿತು. ಶಾಲೆ ತೆರೆದರೂ ಮಕ್ಕಳು ಬರುತ್ತಿರಲಿಲ್ಲ. ಒಡೆಯರ ದನ ಮೇಯಿಸಿದರೆ, ಸೊಪ್ಪು ಸೌದೆ ಹೊತ್ತರೆ ಮಗುವಿಗೆ ಒಂದು ಹೊತ್ತಿನ ಗಂಜಿ ಸಿಗುತ್ತಿತ್ತು. ಶಾಲೆಗೆ ಹೋದರೆ ಅದೂ ಇಲ್ಲ. ಅಕ್ಷರ ಕಲಿತು ಏನಾಗಬೇಕು ಎಂದು ಕೇಳುವ ತಾಯಿಗೆ ರಂಗರಾಯರು ಭಾಷಣ ಮಾಡಲಿಲ್ಲ. ಶಾಲೆಯಲ್ಲಿ ಮಧ್ಯಾಹ್ನದ ಊಟ ಹಾಕಿದರು. ದಿನದ ದುಡಿಮೆ ತಪ್ಪಿದ್ದಕ್ಕೆ ಬದಲಾಗಿ ಕಾಸನ್ನೂ ಕೊಟ್ಟರು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟ ಈಗ ಮಾತಾಡಿಕೊಳ್ಳುವ ವಿಷಯವೇ ಅಲ್ಲ, ಅಷ್ಟು ಸಹಜವಾಗಿದೆ. ನಮ್ಮ ಶಾಲೆಯಲ್ಲೂ ಅಡುಗೆ ಕೋಣೆ ಇದೆ. ಅದಕ್ಕೆ ನೂರು ವರ್ಷ ಮುಂಚೆ ಒಬ್ಬ ವಕೀಲರು, ಓದು ಮತ್ತು ಅನ್ನ ಒಂದೇ ಸೂರಿನಡಿ ಇರಬೇಕೆಂದು ಕಂಡುಕೊಂಡಿದ್ದರು.

1897ರಲ್ಲಿ ಈ ಕೆಲಸಗಳಿಗೆಲ್ಲ ಒಂದು ಸಂಸ್ಥೆಯ ರೂಪ ಬಂತು. ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂದು ಅದರ ಹೆಸರು. ಊರಿನವರ ಬಾಯಲ್ಲಿ ಡಿ.ಸಿ.ಎಂ. ಆಯಿತು. ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆ ಕಟ್ಟಿದ್ದು 1906ರಲ್ಲಿ ಎಂಬುದನ್ನು ನೆನೆದರೆ, ನಮ್ಮ ಮಂಗಳೂರು ಎಷ್ಟು ಮುಂದಿತ್ತೆಂದು ತಿಳಿಯುತ್ತದೆ. ಮುಲ್ಕಿ, ಉಡುಪಿ ಎಂದು ಶಾಲೆಗಳು ಹರಡಿದವು. ಕೊಡಿಯಾಲ್‌ಬೈಲಿನಲ್ಲಿ ಹಾಸ್ಟೆಲು ಎದ್ದಿತು, ಹುಡುಗಿಯರಿಗೂ ಇರಲು ಏರ್ಪಾಡಾಯಿತು. ಜೊತೆಗೆ ಕೈಕೆಲಸದ ಶಾಲೆ: ನೇಯ್ಗೆ, ಮರಗೆಲಸ, ತೋಟಗಾರಿಕೆ. ಓದು ಹತ್ತದ ಹುಡುಗ ಸೋತವನಾಗಿ ಮನೆಗೆ ಹಿಂತಿರುಗುವ ಅಗತ್ಯವಿರಲಿಲ್ಲ, ಮಗ್ಗದ ಮುಂದೆಯೋ ಉಳಿ ಹಿಡಿದೋ ಕುಳಿತುಕೊಳ್ಳಬಹುದಿತ್ತು.

ಹಾಸ್ಟೆಲಿನ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳಬೇಕು. ಊರಿನಲ್ಲಿ ಅಂಗಳದಾಚೆ ನಿಲ್ಲಬೇಕಾದ ಮಗು ಇಲ್ಲಿ ಚಾವಡಿಯ ಒಳಗೆ ಮಲಗುತ್ತದೆ. ಹೊರಗೆ ಯಾರ ಎದುರಿಗೂ ತಲೆ ಎತ್ತದೆ ಬೆಳೆದವನು ಇಲ್ಲಿ ತನ್ನಂಥವರ ಜೊತೆ ಗಟ್ಟಿಯಾಗಿ ಪಾಠ ಓದುತ್ತಾನೆ, ಜಗಳಾಡುತ್ತಾನೆ, ನಗುತ್ತಾನೆ. ಅವಮಾನದ ಗಾಯಕ್ಕೆ ಆಸ್ಪತ್ರೆಯಲ್ಲಿ ಮದ್ದಿಲ್ಲ. ಅದನ್ನು ಅನುಭವಿಸಿದ ಇನ್ನೊಬ್ಬ ಪಕ್ಕದ ಚಾಪೆಯಲ್ಲಿ ಇದ್ದರೆ ಅರ್ಧ ವಾಸಿಯಾಗುತ್ತದೆ. ನಮ್ಮ ಬೀದಿಗೆ ಒಟ್ಟೊಟ್ಟಾಗಿ ಬರುವ ಹುಡುಗರನ್ನು ನೋಡಿ ನಾನು ಕಲಿತದ್ದು ಇದು. ಪರೀಕ್ಷೆಯಲ್ಲಿ ನಪಾಸಾದ ಗೆಳೆಯನಿಗಾಗಿ ಪುರವಣಿ ಪರೀಕ್ಷೆಯ ಗೈಡು ಕೊಳ್ಳಲು ಬಂದ ಮೂವರು ಹುಡುಗರು ಒಮ್ಮೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಚಿಲ್ಲರೆ ಎಣಿಸಿಕೊಂಡದ್ದನ್ನು ಕಂಡಿದ್ದೇನೆ. ಆ ಗೆಳೆಯ ನಾಚಿಕೆಯಿಂದ ಅಂಗಡಿಗೆ ಬಂದಿರಲಿಲ್ಲವಂತೆ.

ಅದೇ ಸುಮಾರಿಗೆ ಬೆಂಗಳೂರಿನಲ್ಲೂ ಇಂಥದೊಂದು ಕೆಲಸ ನಡೆಯುತ್ತಿತ್ತು. ನಮ್ಮ ಅವೆನ್ಯೂ ರಸ್ತೆಗೆ ತಾಗಿಕೊಂಡ ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿದ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಹತ್ತಿರ ಧರ್ಮಛತ್ರ ಕಟ್ಟಿಸಿದರು, ಹಳ್ಳಿಗಳಿಂದ ಬರುವ ವೀರಶೈವ ವಿದ್ಯಾರ್ಥಿಗಳಿಗೆ ಉಳಿಯಲು ವ್ಯವಸ್ಥೆ ಮಾಡಿದರು. ಆಮೇಲೆ ಒಂದೊಂದೇ ಸಮುದಾಯದವರು ತಮ್ಮ ತಮ್ಮ ಮಕ್ಕಳಿಗೆ ಹಾಸ್ಟೆಲು ಕಟ್ಟಿಕೊಂಡರು. ಹಳೆ ಮೈಸೂರಿನ ಹಳ್ಳಿಯ ಮಕ್ಕಳು ಓದಿ ಮುಂದೆ ಬಂದದ್ದು ಬಹುಮಟ್ಟಿಗೆ ಈ ಹಾಸ್ಟೆಲುಗಳಿಂದಲೇ. ಇದನ್ನು ನಾನು ಮೆಚ್ಚುತ್ತೇನೆ. ಆದರೆ ರಂಗರಾಯರದ್ದು ಇದಕ್ಕಿಂತ ಕಷ್ಟದ ಕೆಲಸ. ಅವರು ಊಟ ಹಾಕಿದ್ದು ತಮ್ಮ ಜಾತಿಯ ಮಕ್ಕಳಿಗಲ್ಲ, ತಮ್ಮ ಜಾತಿ ಹೊರಗಿಟ್ಟ ಮಕ್ಕಳಿಗೆ.

ಹಾಸ್ಟೆಲು ಎಂದರೆ ಎಲ್ಲ ಕಡೆ ಒಳ್ಳೆಯದೇ ಆಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅದೇ ಕಾಲದಲ್ಲಿ ಕೆನಡಾ ದೇಶದಲ್ಲಿ ಅಲ್ಲಿಯ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯರಿಂದ ಬಿಡಿಸಿ ವಸತಿ ಶಾಲೆಗಳಿಗೆ ಒಯ್ದರು. ಮನೆಮಾತು ಆಡಿದರೆ ಹೊಡೆತ, ಉದ್ದ ಕೂದಲಿದ್ದರೆ ಕತ್ತರಿ. 1990ರ ದಶಕದವರೆಗೂ ಕೊನೆಯ ಕೆಲವು ಶಾಲೆಗಳು ನಡೆದವು. ಒಂದೂವರೆ ಲಕ್ಷದಷ್ಟು ಮಕ್ಕಳು ಅವುಗಳಲ್ಲಿ ಕಳೆದುಹೋದ ಬಾಲ್ಯವನ್ನು ಹೊತ್ತುಕೊಂಡು ಬಂದರು. 2008ರಲ್ಲಿ ಆ ದೇಶದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಈಗ ಅಲ್ಲಿಯ ಯುವಕರು ತಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು ಮಾತು ಕಲಿಯುತ್ತಾರೆ, ಚರ್ಮವಾದ್ಯ ಬಾರಿಸುತ್ತಾರೆ, ದುಂಡಾಗಿ ಕುಳಿತು ತಮ್ಮ ನೋವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಹಾಸಿಗೆ ಮತ್ತು ಊಟ ಅಲ್ಲಿಯ ಶಾಲೆಗಳಲ್ಲೂ ಇತ್ತು. ಮಗು ಯಾರ ಮಗು ಎಂಬುದನ್ನು ಮರೆಸಲು ಅದನ್ನು ಕೊಟ್ಟರೋ, ಮಗು ತಲೆ ಎತ್ತಲಿ ಎಂದು ಕೊಟ್ಟರೋ ಎಂಬುದರಲ್ಲಿ ವ್ಯತ್ಯಾಸ.

ಈ ಅಳತೆಗೋಲಿನಿಂದ ರಂಗರಾಯರನ್ನೂ ನೋಡಬೇಕಲ್ಲವೇ? ಗೌರವ ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆ ಕಾಲದ ಸುಧಾರಕರಿಗೆಲ್ಲ, ಕಲಿಸಬೇಕಾದವರು ನಾವು, ಕಲಿಯಬೇಕಾದವರು ಅವರು ಎಂಬ ನಂಬಿಕೆ ಇತ್ತು. ಸ್ನಾನ, ಶುಭ್ರ ಬಟ್ಟೆ, ಪ್ರಾರ್ಥನೆ, ಅಕ್ಷರ ಎಲ್ಲವೂ ಮೇಲಿನಿಂದ ಕೆಳಕ್ಕೆ ಇಳಿದು ಬರುತ್ತಿದ್ದವು. ಮಕ್ಕಳ ಮನೆಗಳಲ್ಲಿದ್ದ ಪಾಡ್ದನ, ಡೋಲು, ಮದ್ದಿನ ಬೇರು, ಬುಟ್ಟಿಯ ಹೆಣಿಗೆ ಇವೂ ವಿದ್ಯೆ ಎಂದು ಆಗ ಯಾರಿಗೂ ತೋರಲಿಲ್ಲ. ರಂಗರಾಯರು ಆ ಮಕ್ಕಳಿಗೆ ಮರ್ಯಾದೆ ಕೊಟ್ಟರು, ಅನ್ನ ಕೊಟ್ಟರು, ಕಸುಬು ಕೊಟ್ಟರು. ಅವರದ್ದೇ ಆದದ್ದನ್ನು ಅವರಿಗೆ ಹಿಂದಿರುಗಿಸುವ ಕೆಲಸ ಮುಂದಿನವರಿಗೆ ಉಳಿಯಿತು.

ಆ ಉಳಿದ ಕೆಲಸ ನಮ್ಮ ಜಿಲ್ಲೆಯಲ್ಲೇ ನಡೆದಿದೆ, ಮಾಡಿದವರು ಕೊರಗರು. ರಂಗರಾಯರ ಮಿಷನ್ನು ಕೊರಗರನ್ನೂ ಬಿಟ್ಟಿರಲಿಲ್ಲ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಈ ಬುಡಕಟ್ಟು ಜನ ಪಟ್ಟ ಪಾಡನ್ನು ಬರೆಯಲು ಕೈ ಬರುವುದಿಲ್ಲ. ರಸ್ತೆಯಲ್ಲಿ ಉಗುಳಿದರೆ ಮೈಲಿಗೆಯೆಂದು ಅವರಲ್ಲಿ ಒಂದು ಪಂಗಡದವರು ಕೊರಳಿಗೆ ಅಂಡೆ ಕಟ್ಟಿಕೊಂಡು ನಡೆಯಬೇಕಿತ್ತು. ಅಂಡೆ ಕೊರಗರೆಂದು ಹೆಸರಾದದ್ದು ಹಾಗೆ. ಕಾಯಿಲೆಯವರ ಉಗುರು ಕೂದಲು ಬೆರೆಸಿದ ಅನ್ನವನ್ನು ಅವರಿಗೆ ಉಣಿಸಿ ರೋಗ ಕಳೆಯಿತೆಂದುಕೊಳ್ಳುವ ಅಜಲು ಪದ್ಧತಿ ನಮ್ಮ ಅಜ್ಜಂದಿರ ಕಾಲದ್ದು ಮಾತ್ರವಲ್ಲ. ಅದನ್ನು ನಿಷೇಧಿಸುವ ಕಾಯಿದೆ ಬಂದದ್ದು 2000ದಲ್ಲಿ, ನಮ್ಮ ಶಾಲೆಯಿಂದ ಎಷ್ಟೋ ತಂಡಗಳು ಪಾಸಾಗಿ ಹೋದ ಮೇಲೆ. 1990ರ ದಶಕದಲ್ಲಿ ಕೊರಗರು ತಮ್ಮ ಸಂಘಗಳನ್ನು ಕಟ್ಟಿಕೊಂಡು ಭೂಮಿಗಾಗಿ ಹೋರಾಡಿದರು. ಅದರ ನೆನಪಿಗೆ ಪ್ರತಿವರ್ಷ ಆಗಸ್ಟ್ 18ರಂದು ಭೂಮಿ ಹಬ್ಬ ಮಾಡುತ್ತಾರೆ. ಆ ದಿನ ಹುಡುಗ ಹುಡುಗಿಯರು ಡೋಲು ಬಾರಿಸುತ್ತಾರೆ, ಕೊಳಲು ನುಡಿಸುತ್ತಾರೆ, ಕುಣಿಯುತ್ತಾರೆ. ಯಾರದೋ ಕಂಬಳದ ಹಿಂದಿನ ರಾತ್ರಿ ಚಳಿಯಲ್ಲಿ ಬಿಟ್ಟಿಯಾಗಿ ಬಾರಿಸಬೇಕಾಗಿದ್ದ ಅದೇ ಡೋಲು. ಬಾರಿಸು ಎನ್ನುವವರು ಈಗ ಯಾರೂ ಇಲ್ಲ, ತಮ್ಮ ಹಬ್ಬಕ್ಕೆ ತಾವೇ ಬಾರಿಸುತ್ತಾರೆ. ಓದಿದ ಕೊರಗ ಯುವಕರು ಕಿರಿಯರಿಗೆ ಪಾಠ ಹೇಳಿಕೊಡುತ್ತಾರೆ, ಕಾಲೇಜಿನ ಅರ್ಜಿ ತುಂಬಿಸುತ್ತಾರೆ. ಬೆಂದೂರು ಬಾಬುವಿಗೆ ಇಲ್ಲದ ಜೊತೆ ಇವರಿಗೆ ಇದೆ.

ರಂಗರಾಯರ ಕಥೆಗೆ ಮರಳುತ್ತೇನೆ. ಓದಿಸಿದ ಮಾತ್ರಕ್ಕೆ ಆಗುವುದಿಲ್ಲ, ನಿಲ್ಲಲು ಸ್ವಂತ ನೆಲ ಬೇಕು ಎಂದು ಅವರಿಗೆ ಗೊತ್ತಿತ್ತು. ಒಡೆಯ ಸಿಟ್ಟಾದರೆ ಒಕ್ಕಲಿನ ಗುಡಿಸಲು ಅಂದೇ ಕಿತ್ತುಹೋಗುತ್ತಿದ್ದ ಕಾಲ. ಸರ್ಕಾರದಿಂದ ಜಾಗ ಮಂಜೂರು ಮಾಡಿಸಿ ಮನೆಯ ನಿವೇಶನಗಳನ್ನು ಹಂಚಿದರು. ಸಾಲಕ್ಕಾಗಿ ಸಾಹುಕಾರನ ಕಾಲು ಹಿಡಿಯುವುದು ತಪ್ಪಲೆಂದು ಸಹಕಾರ ಸಂಘ ಮಾಡಿಸಿದರು. ಪುರಸಭೆಯಲ್ಲಿ, ಜಿಲ್ಲಾ ಬೋರ್ಡಿನಲ್ಲಿ ದಲಿತರು ಸದಸ್ಯರಾಗಿ ಕುಳಿತುಕೊಳ್ಳುವಂತೆ ಸರ್ಕಾರದೊಡನೆ ವ್ಯವಹರಿಸಿದರು. ಮತದಾನ, ಮೀಸಲಾತಿ ಎಂಬ ಮಾತುಗಳು ಹಳ್ಳಿಗೆ ಬಾರದಿದ್ದ ದಿನಗಳಲ್ಲಿ ಇದು ಸಣ್ಣ ಸಂಗತಿಯೇನಲ್ಲ.

ಹೊರಗೆ ಸುಧಾರಣೆ, ಮನೆಯೊಳಗೆ ಸಂಪ್ರದಾಯ ಎಂಬವರ ಸಾಲಿಗೆ ಅವರು ಸೇರುವುದಿಲ್ಲ. ಮಗಳು ರಾಧಾಬಾಯಿಯನ್ನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನವರೆಗೆ ಓದಿಸಿದರು. 1912ರಲ್ಲಿ ಆಕೆಯ ಮದುವೆ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರೊಡನೆ ಆಯಿತು. ಜಾತಿ ಬೇರೆ, ಭಾಷೆ ಬೇರೆ. ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಮುಖ್ಯಮಂತ್ರಿಯಾಗಿದ್ದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರು. ಅವರ ಮಗ ಜನರಲ್ ಪಿ. ಪಿ. ಕುಮಾರಮಂಗಲಂ ಭಾರತೀಯ ಭೂಸೇನೆಯ ಮುಖ್ಯಸ್ಥರಾದರು, ಇನ್ನೊಬ್ಬ ಮಗ ಮೋಹನ್ ಕುಮಾರಮಂಗಲಂ ಕೇಂದ್ರ ಸಚಿವರಾದರು, ಮಗಳು ಪಾರ್ವತಿ ಕೃಷ್ಣನ್ ಲೋಕಸಭೆಗೆ ಆರಿಸಿಬಂದರು. ನಮ್ಮ ಕಡೆಯವರಿಗೆ ಇದು ಹೆಮ್ಮೆ. ರಂಗರಾಯರನ್ನು ಈ ಮೊಮ್ಮಕ್ಕಳಿಂದ ಅಳೆಯುವುದು ಮಾತ್ರ ನನಗೆ ಸರಿಕಾಣುವುದಿಲ್ಲ. ಅವರ ಹಾಸ್ಟೆಲಿನಲ್ಲಿ ಉಂಡು ಮೇಷ್ಟರಾದ, ಗುಮಾಸ್ತರಾದ, ಬಡಗಿಯಾದ ಹೆಸರಿಲ್ಲದ ಮಕ್ಕಳೂ ಅವರ ವಂಶವೇ.

ನಡುವೆ ಒಂದು ಮಾತು. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಗೆ ಏನು ಕೊಡಬೇಕೆಂದು ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಬಳಗದಲ್ಲಿ ಚರ್ಚೆ ನಡೆಯುತ್ತಿದೆ. ದೊಡ್ಡ ದ್ವಾರ ಕಟ್ಟಿಸೋಣ ಎಂಬುದು ಹೆಚ್ಚಿನವರ ಅಭಿಪ್ರಾಯ. ದ್ವಾರ ಚೆಂದ ಕಾಣುತ್ತದೆ, ನಾನೂ ವಂತಿಗೆ ಕೊಡುತ್ತೇನೆ. ಆದರೆ ಕಾಲೊನಿಯಿಂದ ಬರುವ ಮಕ್ಕಳು ಒಂಬತ್ತನೇ ತರಗತಿಯಲ್ಲಿ ಯಾಕೆ ನಿಂತುಹೋಗುತ್ತಾರೆ ಎಂದು ಗುರುಗಳನ್ನು ಕೇಳಿ ನೋಡಿ. ಸಂಜೆ ಓದಲು ದೀಪವಿರುವ ಒಂದು ಕೋಣೆ, ಅಲ್ಲಿ ಬಂದು ಕೂರಲು ಕಾಲೇಜಿಗೆ ಹೋಗುವ ಅಕ್ಕಂದಿರು ಅಣ್ಣಂದಿರು ನಾಲ್ಕು ಜನ, ಒಂದಿಷ್ಟು ಅವಲಕ್ಕಿ ಚಹಾ. ದ್ವಾರಕ್ಕೆ ಬೀಳುವ ಖರ್ಚಿನಲ್ಲಿ ಇದು ಹಲವು ವರ್ಷ ನಡೆಯುತ್ತದೆ. ಪುಸ್ತಕಗಳನ್ನು ಅವೆನ್ಯೂ ರಸ್ತೆಯಿಂದ ನಾನು ಕಳಿಸಿಕೊಡುತ್ತೇನೆ, ಲಾರಿ ಬಾಡಿಗೆಯೂ ನನ್ನದೇ. ಸಮಿತಿಯವರು ಇದನ್ನು ಅಧಿಕಪ್ರಸಂಗವೆಂದು ಭಾವಿಸಬಾರದು.

1920ರ ದಶಕಕ್ಕೆ ಬರುವ ಹೊತ್ತಿಗೆ ರಂಗರಾಯರ ಆರೋಗ್ಯ ಕೆಟ್ಟಿತು. ತಾವು ಹೋದ ಮೇಲೆ ಮಿಷನ್ನು ತಮ್ಮ ಮನೆತನದ ಆಸ್ತಿಯಾಗಿಯೋ ಅನಾಥವಾಗಿಯೋ ಉಳಿಯಬಾರದೆಂದು, ಗೋಖಲೆಯವರು ಸ್ಥಾಪಿಸಿದ ಭಾರತ ಸೇವಕ ಸಮಾಜಕ್ಕೆ ಅದರ ಹೊಣೆ ವಹಿಸಿಕೊಟ್ಟರು. ಕಟ್ಟಿದವರಿಗೆ ಕೈಬಿಡುವುದು ಎಷ್ಟು ಕಷ್ಟವೆಂದು ಸಂಘಸಂಸ್ಥೆ ನಡೆಸಿದವರಿಗೆ ಗೊತ್ತು. 1927ರಲ್ಲಿ ಸನ್ಯಾಸ ತೆಗೆದುಕೊಂಡು ಈಶ್ವರಾನಂದ ಸ್ವಾಮಿ ಎಂಬ ಹೆಸರು ಇಟ್ಟುಕೊಂಡರು. ಜಾತಿಯವರು ಹೊರಗೆ ಹಾಕಿದ್ದ ಮನುಷ್ಯ ತಾನೇ ಎಲ್ಲವನ್ನೂ ಬಿಟ್ಟು ಹೊರಗೆ ಬಂದಂತಾಯಿತು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ದೇಹವನ್ನು ಊರಿನ ಕಸ ಮಲ ಎತ್ತುವ ತೋಟಿಗಳೇ ಹೊತ್ತು ಒಯ್ಯಬೇಕೆಂದು ಹೇಳಿಟ್ಟಿದ್ದರು. 1934ರ ಫೆಬ್ರವರಿಯಲ್ಲಿ ಹರಿಜನ ಯಾತ್ರೆಯಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಕೊಡಿಯಾಲ್‌ಬೈಲಿನ ಅವರ ಸಂಸ್ಥೆಗೆ ಹೋಗಿ ಮಕ್ಕಳನ್ನು ಕಂಡರು. ಅಷ್ಟರಲ್ಲಿ ರಂಗರಾಯರು ಹೋಗಿ ಆರು ವರ್ಷ ಆಗಿತ್ತು.

ಅವರ ಒಂದು ಆಸೆಯನ್ನು ಜಿಲ್ಲೆಯವರು ಇಂದಿಗೂ ಹೇಳುತ್ತಾರೆ. ತನ್ನ ಶಾಲೆಯಲ್ಲಿ ಓದಿದ ಮಕ್ಕಳು ದೊಡ್ಡ ಹುದ್ದೆಗೇರಿ, ಈ ಊರಿನ ರಸ್ತೆಯಲ್ಲಿ ಮೋಟಾರಿನಲ್ಲಿ ಹೋಗಬೇಕು, ಆ ಮೋಟಾರಿನ ಚಕ್ರದಿಂದ ಏಳುವ ಧೂಳು ತನ್ನ ತಲೆಯ ಮೇಲೆ ಬೀಳಬೇಕು, ಆಗ ತನ್ನ ಬದುಕು ಸಾರ್ಥಕ ಎಂಬುದು ಅದರ ತಾತ್ಪರ್ಯ. ಅವರ ಸಮಾಧಿಯ ಮೇಲೆ ಅದನ್ನು ಕೆತ್ತಿದ್ದಾರೆ. ಮಂಗಳೂರಿಗೆ ಕೆಲಸದ ಮೇಲೆ ಹೋದವರು ಸ್ವಲ್ಪ ಬಿಡುವು ಮಾಡಿಕೊಂಡು ನಂದಿಗುಡ್ಡೆಗೆ ಹೋಗಿ, ಬ್ರಹ್ಮಸಮಾಜದ ರುದ್ರಭೂಮಿ ಎಲ್ಲಿದೆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.